ಹದಿನಾಲ್ಕು ದಿನದ ಮಾತ್ರೆ, ಹತ್ತು ದಿನದ ನೀರು



ನಾನು ವೈದ್ಯನಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಹುಟ್ಟಿ, ಸಿವಿಲ್ ಎಂಜಿನಿಯರಿಂಗ್ ಓದಿ, ಮೂರು ದಶಕ ಸರ್ಕಾರಿ ಕೆಲಸ ಮಾಡಿ, ನಿವೃತ್ತನಾದ ಮೇಲೆ ಮಂಗಳೂರಿನಲ್ಲೇ ಉಳಿದವನು. ಆರೋಗ್ಯದ ವಿಷಯ ಬರೆಯಲು ಇವನಾರು ಎಂದು ನೀವು ಕೇಳಬಹುದು. ಮಂಗಳೂರಿನ ಮಲೇರಿಯಾ ವೈದ್ಯರ ವಿಷಯವಾಗಿರುವಷ್ಟೇ ಎಂಜಿನಿಯರುಗಳ ವಿಷಯವೂ ಹೌದು. ಅದು ನಮ್ಮ ಮಠಗಳ ವಿಷಯವೂ ಹೌದು ಎಂಬುದನ್ನು ತಮ್ಮ ಮುಂದೆ ಇಡುವುದಕ್ಕಾಗಿ ಈ ಲೇಖನ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. 1990ರ ದಶಕದ ಕೊನೆಯಲ್ಲಿ ಈ ಊರಲ್ಲಿ ನನ್ನ ಉಸ್ತುವಾರಿಯಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಕಾಂಕ್ರೀಟಿನ ಗಟ್ಟಿತನದ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ಸ್ಲ್ಯಾಬ್ ಹಾಕಿದ ಮರುದಿನವೇ ಅದರ ಮೇಲೆ ಸಿಮೆಂಟಿನ ಸಣ್ಣ ಬದು ಕಟ್ಟಿಸಿ ನೀರು ನಿಲ್ಲಿಸಬೇಕು, ಒಂದು ದಿನವೂ ಒಣಗಬಾರದು ಎಂದು ಮೇಸ್ತ್ರಿಗೆ ತಾಕೀತು ಮಾಡುತ್ತಿದ್ದೆ. ಆ ನೀರಿನಲ್ಲಿ ಸಣ್ಣ ಕಡ್ಡಿಯಂಥ ಹುಳುಗಳು ಓಡಾಡುವುದನ್ನು ಕಣ್ಣಾರೆ ಕಂಡಿದ್ದೆ. ಅದು ನನ್ನ ಅಳತೆ ಪುಸ್ತಕದಲ್ಲಿ ಬರೆಯುವ ಸಂಗತಿ ಎಂದು ನನಗೆ ಅನ್ನಿಸಲೇ ಇಲ್ಲ.

ಅದೇ ಕಟ್ಟಡದ ಕೆಳ ಅಂತಸ್ತಿನಲ್ಲಿ, ಕಿಟಕಿ ಬಾಗಿಲು ಇಲ್ಲದ ಕೋಣೆಯಲ್ಲಿ, ಹುನಗುಂದ ತಾಲ್ಲೂಕಿನ ಏಳೆಂಟು ಹುಡುಗರು ಮಲಗುತ್ತಿದ್ದರು. ಅವರಲ್ಲೊಬ್ಬನಿಗೆ ಚಳಿಜ್ವರ ಬಂತು. ರಕ್ತಪರೀಕ್ಷೆಯಲ್ಲಿ ಮಲೇರಿಯಾ. ಮೂರು ದಿನ ಮಾತ್ರೆ ತಿಂದ, ಜ್ವರ ಇಳಿಯಿತು, ಊರಿನ ಜಾತ್ರೆಗೆ ಬಸ್ ಹತ್ತಿದ. ಉಳಿದ ಮಾತ್ರೆಯ ಚೀಟಿ ಕೋಣೆಯ ಗೋಡೆಯ ಸಂದಿಯಲ್ಲೇ ಉಳಿಯಿತು. ಎರಡು ತಿಂಗಳ ನಂತರ ಊರಲ್ಲಿ ಮತ್ತೆ ಜ್ವರ. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಮೂರನೆಯ ಸಲ ಜ್ವರ ಬಂದಾಗ ಆಸ್ಪತ್ರೆಗೆ ಸೇರಿಸಲು ಎತ್ತು ಮಾರಿದರು. ಹುಡುಗ ಉಳಿದ. ಆದರೆ ಆ ವರ್ಷದ ದುಡಿಮೆ, ಎತ್ತು, ತಂಗಿಯ ಮದುವೆಗೆ ಕೂಡಿಟ್ಟಿದ್ದ ಹಣ ಮೂರೂ ಹೋದವು. ಅವನ ಅಣ್ಣ ಮುಂದಿನ ವರ್ಷ ಕೆಲಸಕ್ಕೆ ಬಂದಾಗ ಇದನ್ನೆಲ್ಲ ಹೇಳಿ, ‘ಸಾಹೇಬರ, ನಮ್ಮ ಹಣೆಬರಹ ಹಂಗಿತ್ತರಿ’ ಎಂದ. ಅದು ಹಣೆಬರಹವಲ್ಲ, ನಾನು ನಿಲ್ಲಿಸಿದ ನೀರು ಎಂದು ಹೇಳುವ ಧೈರ್ಯ ಅಂದು ನನಗಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರಿನ ಕ್ಯೂರಿಂಗ್ ಬೇಕು. ಬಿಸಿಲಿನ ಒಣ ಹವೆಯಿದ್ದರೆ 10 ಮತ್ತು 14 ದಿನ. ಇತ್ತ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿತು ಹಾರಲು ನಮ್ಮ ಕರಾವಳಿಯ ಸೆಕೆಯಲ್ಲಿ ಎಂಟು ಹತ್ತು ದಿನ ಸಾಕು. ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದೇ. ಅಂದರೆ, ನಾವು ಶಿಸ್ತಿನಿಂದ ಕಟ್ಟಿದ ಪ್ರತಿ ಸ್ಲ್ಯಾಬೂ ಒಂದು ಪೀಳಿಗೆ ಸೊಳ್ಳೆಯನ್ನು ಸಾಕಿ ದೊಡ್ಡದು ಮಾಡಬಲ್ಲದು.

ನಗರಗಳಲ್ಲಿ ಮಲೇರಿಯಾ ಹರಡುವುದು ಮುಖ್ಯವಾಗಿ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಜಾತಿ. ಇದು ಗಟಾರದ ಸೊಳ್ಳೆಯಲ್ಲ. ಇದಕ್ಕೆ ಬೇಕಾದದ್ದು ತಿಳಿಯಾದ ನಿಂತ ನೀರು: ಮುಚ್ಚಳ ಒಡೆದ ತಾರಸಿ ಟ್ಯಾಂಕ್, ಸಂಪು, ಬಳಕೆಯಿಲ್ಲದ ಬಾವಿ, ಅರ್ಧಕ್ಕೆ ನಿಂತ ಕಟ್ಟಡದ ಲಿಫ್ಟ್ ಗುಂಡಿ, ಕ್ಯೂರಿಂಗ್ ನೀರು. ಮಂಗಳೂರಿನಲ್ಲಿ ಇವಕ್ಕೆ ಬರವಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು, ಬೇಸಿಗೆಯಲ್ಲಿ ತುಂಬೆ ಅಣೆಕಟ್ಟೆಯ ನೀರು ಇಳಿದಾಗ ಸಿಕ್ಕಿದ್ದರಲ್ಲೆಲ್ಲ ನೀರು ತುಂಬಿಡುವ ಊರೂ ಹೌದು. 1990ರ ದಶಕದಲ್ಲಿ ಬಹುಮಹಡಿ ಕಟ್ಟಡಗಳ ಭರಾಟೆ ಮತ್ತು ಮಲೇರಿಯಾ ಎರಡೂ ಒಟ್ಟಿಗೇ ಏರಿದ್ದು ಕಾಕತಾಳೀಯವಲ್ಲ. ಮುಂದೆ ಎಷ್ಟೋ ವರ್ಷ ಇಡೀ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಈ ಒಂದು ನಗರದ್ದೇ ಆಗಿತ್ತು.

ನಾನೂ ಇದನ್ನು ಗಟಾರದ ರೋಗವೆಂದೇ ತಿಳಿದಿದ್ದೆ. ಹಾಗೆಂದೇ ನಾವು ಹೊಗೆ ಬಿಡುವ ವಾಹನ ಬಂದರೆ ಸಮಾಧಾನಪಡುತ್ತೇವೆ. ಹೊಗೆ ಅಂದು ಹಾರುತ್ತಿರುವ ಸೊಳ್ಳೆಯನ್ನು ಕೊಲ್ಲಬಹುದು, ನಾಳೆ ಟ್ಯಾಂಕಿನಿಂದ ಏಳುವುದನ್ನಲ್ಲ. ಟ್ಯಾಂಕಿನ ಮುಚ್ಚಳ, ತುಂಬಿ ಹರಿಯುವ ಕೊಳವೆಯ ಬಾಯಿಗೊಂದು ಬಲೆ, ವಾರಕ್ಕೊಮ್ಮೆ ಕ್ಯೂರಿಂಗ್ ನೀರನ್ನು ಪೂರ್ತಿ ಹರಿಯಬಿಟ್ಟು ಒಂದು ಹೊತ್ತು ಒಣಗಲು ಬಿಟ್ಟು ಮತ್ತೆ ತುಂಬಿಸುವುದು, ಇಲ್ಲವೇ ನೀರು ನಿಲ್ಲಿಸದೆ ಒದ್ದೆ ಗೋಣಿತಾಟು ಹೊದಿಸುವುದು, ಬಾವಿಗೆ ಗಪ್ಪಿ ಮೀನು ಬಿಡುವುದು: ಕೆಲಸ ಮಾಡುವುದು ಇಂಥವು. ಇವಕ್ಕೆ ಖರ್ಚು ಕಡಿಮೆ, ಫೋಟೊ ಬರುವುದೂ ಕಡಿಮೆ. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದಂತೆ ತೇಲುವ ಹುಳು ಕಂಡರೆ ಅದು ಅನಾಫಿಲಿಸ್ ಮರಿ. ತಲೆಕೆಳಗಾಗಿ ಓರೆಯಾಗಿ ನೇತಾಡಿದರೆ ಬೇರೆ ಜಾತಿ. ಅದರ ಮೇಲೂ ಕರುಣೆ ಬೇಡ. 2019ರ ಮಳೆಗಾಲದಲ್ಲಿ ಗುಜ್ಜರಕೆರೆ ಸುತ್ತಮುತ್ತ ಡೆಂಗಿ ಹರಡಿದ್ದು ಇಂಥದೇ ನೀರಿನ ಇನ್ನೊಂದು ಸೊಳ್ಳೆಯಿಂದ.

ಆಡಳಿತ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. 2015ರಲ್ಲಿ ಮಂಗಳೂರು ಮಹಾನಗರ ಪಾಲಿಕೆ ಇಲ್ಲಿನ ವೈದ್ಯರ ನೆರವಿನಿಂದ ಮಲೇರಿಯಾ ನಿಗಾಕ್ಕೆಂದೇ ಒಂದು ತಂತ್ರಾಂಶ ತಂದಿತು. ಪ್ರಯೋಗಾಲಯದಲ್ಲಿ ರೋಗ ಖಚಿತವಾದರೆ ವಿವರ ವ್ಯವಸ್ಥೆಗೆ ಸೇರುತ್ತದೆ. ಟ್ಯಾಬ್ಲೆಟ್ ಹಿಡಿದ ಕಾರ್ಯಕರ್ತ ರೋಗಿಯ ಮನೆ ಹುಡುಕಿ ಹೋಗುತ್ತಾನೆ, ಅಕ್ಕಪಕ್ಕದವರ ರಕ್ತ ಪರೀಕ್ಷಿಸುತ್ತಾನೆ, ಸುತ್ತಲಿನ ನೀರು ನೋಡುತ್ತಾನೆ. ನಂತರದ ವರ್ಷಗಳಲ್ಲಿ ಪ್ರಕರಣಗಳು ಗಣನೀಯವಾಗಿ ಇಳಿದವು. ದೊಡ್ಡ ಆಸ್ಪತ್ರೆಯಿಂದಲ್ಲ, ಮನೆ ಬಾಗಿಲಿಗೆ ಹೋಗುವ ಕಾರ್ಯಕರ್ತನಿಂದ ರೋಗ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಬಗೆಯ ಮಲೇರಿಯಾ. ಅದರ ಪರಾವಲಂಬಿ ರಕ್ತದಿಂದ ಹೋದರೂ ಯಕೃತ್ತಿನಲ್ಲಿ ಮಲಗಿರುತ್ತದೆ. ವಾರಗಳು, ತಿಂಗಳುಗಳ ನಂತರ ಏಳುತ್ತದೆ. ಮೂರು ದಿನದ ಕ್ಲೋರೋಕ್ವಿನ್ ಜ್ವರ ಇಳಿಸುತ್ತದೆ. ಯಕೃತ್ತಿನಲ್ಲಿ ಅಡಗಿದ್ದನ್ನು ತೆಗೆಯಲು 14 ದಿನ ಪ್ರಿಮಾಕ್ವಿನ್ ಬೇಕು. ಅದನ್ನು ವೈದ್ಯರು ನೋಡಿಯೇ ಕೊಡಬೇಕು. ಗರ್ಭಿಣಿಯರಿಗೆ, ಕೂಸುಗಳಿಗೆ, ರಕ್ತದಲ್ಲಿ ಒಂದು ಬಗೆಯ ಕಿಣ್ವದ ಕೊರತೆ ಇರುವವರಿಗೆ ಅದು ಸಲ್ಲದು. ನಾಲ್ಕನೆಯ ದಿನ ಮೈ ಹಗುರಾದ ಕೂಲಿಯವನಿಗೆ ಉಳಿದ ಮಾತ್ರೆ ಅನವಶ್ಯಕವೆನಿಸುತ್ತದೆ. ಅವನು ರೈಲು ಹತ್ತುತ್ತಾನೆ. ಮಂಗಳೂರಿನ ಕಾರ್ಯಕರ್ತ ಹುಡುಕಿಕೊಂಡು ಬಂದಾಗ ಕೋಣೆ ಖಾಲಿ. ಬಾಗಲಕೋಟೆ, ಕೊಪ್ಪಳ, ಗದಗ, ವಿಜಯಪುರದ ಹಳ್ಳಿಯ ಆಶಾ ಕಾರ್ಯಕರ್ತೆಗೆ ಅವನು ಬಂದ ಸುದ್ದಿಯೇ ಇರುವುದಿಲ್ಲ. ಅವನ ಹಿಂದೆಯೇ ರೋಗ ಊರಿಗೆ ಹೋಗುತ್ತದೆ. ಅಲ್ಲಿಯೂ ಅನಾಫಿಲಿಸ್ ಇದೆ.

ಈ ಊರಿನವರು ‘ಘಟ್ಟದ ಮೇಲಿನವರು’ ಎಂದು ಕರೆಯುವ ಈ ಕಾರ್ಮಿಕರು ಯಾರು? ಬೆಳಿಗ್ಗೆ ವೃತ್ತಗಳಲ್ಲಿ ಬುತ್ತಿಗಂಟು ಹಿಡಿದು ಕೂಲಿಗೆ ಕಾಯುವವರೊಡನೆ ನಿಂತು ಮಾತಾಡಿದ್ದೇನೆ. ಎಷ್ಟೋ ಜನರ ಕೊರಳಲ್ಲಿ ಇಷ್ಟಲಿಂಗವಿದೆ, ಎಷ್ಟೋ ಜನರ ಮೊಬೈಲಿನಲ್ಲಿ ತಮ್ಮೂರ ಮಠದ ಅಪ್ಪಗಳ ಚಿತ್ರವಿದೆ. ಬೇರೆ ಸಮುದಾಯದವರೂ ಅಷ್ಟೇ ಮಂದಿ ಇದ್ದಾರೆ. ಸೊಳ್ಳೆಗೂ ಜಾತಿಯಿಲ್ಲ, ಶರಣರ ದಾಸೋಹಕ್ಕೂ ಇರಲಿಲ್ಲ. ಎಲ್ಲರೂ ಊರಿಗೆ ಮರಳುವುದು ಜಾತ್ರೆಗೆ, ಬಸವ ಜಯಂತಿಗೆ, ಶ್ರಾವಣದ ಪುರಾಣಕ್ಕೆ. ಮಂಗಳೂರಿನಲ್ಲಿ ಕೈತಪ್ಪಿದ ರೋಗಿ ಖಂಡಿತವಾಗಿ ಸಿಗುವ ಜಾಗ ಒಂದಿದ್ದರೆ ಅದು ನಮ್ಮ ಮಠದ ಅಂಗಳ.

ಇಲ್ಲಿ ನಮ್ಮವರ ಬಗ್ಗೆ ಒಂದು ಕಹಿ ಮಾತು. ನಮ್ಮ ಮಠಗಳೂ ಸಂಘ ಸಂಸ್ಥೆಗಳೂ ಆರೋಗ್ಯಕ್ಕೆ ಕಡಿಮೆ ಮಾಡಿಲ್ಲ. ಬೆಳಗಾವಿ, ಕಲಬುರಗಿಗಳಲ್ಲಿ 1963ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ, ಮೈಸೂರಿನಲ್ಲಿ 1984ರಲ್ಲಿ ನಮ್ಮ ಹಿರಿಯರು ಕಟ್ಟಿದ ವೈದ್ಯಕೀಯ ಕಾಲೇಜುಗಳು ನಾಡಿನ ಆಸ್ತಿ. ಆದರೆ ಆಸ್ಪತ್ರೆ ಎಂಬುದು ಬಿದ್ದವನನ್ನು ಎತ್ತುವ ಜಾಗ. ಬೀಳದಂತೆ ನೋಡಿಕೊಳ್ಳುವ ಕೆಲಸಕ್ಕೆ ನಮ್ಮಲ್ಲಿ ಕಟ್ಟಡವೂ ಇಲ್ಲ, ಶಿಲಾಫಲಕವೂ ಇಲ್ಲ. ಆದ್ದರಿಂದ ದಾನಿಗಳೂ ಕಡಿಮೆ. ಸರ್ಕಾರದ ವಿಮಾ ಯೋಜನೆಗಳದೂ ಇದೇ ಕಥೆ. 2003ರ ಯಶಸ್ವಿನಿಯಿಂದ 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದವರೆಗೆ ಅವೆಲ್ಲ ಬಡವನಿಗೆ ನಿಜವಾಗಿ ಆಸರೆಯಾದವು. ಆದರೆ ಹಣ ಬರುವುದು ಅವನು ಆಸ್ಪತ್ರೆಯ ಹಾಸಿಗೆ ಸೇರಿದ ಮೇಲೆ. ಟ್ಯಾಂಕಿನ ಮುಚ್ಚಳಕ್ಕೆ ವಿಮೆಯಿಲ್ಲ. ಮನೆಮನೆಗೆ ಹೋಗುವ ಆಶಾ ತಾಯಂದಿರು 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಚಳಿಯಲ್ಲಿ ಹಗಲಿರುಳು ಕೂರಬೇಕಾಯಿತು.

ಶರಣರ ದಾರಿ ಬೇರೆಯಾಗಿತ್ತು. ಸೊನ್ನಲಿಗೆಯ ಸಿದ್ಧರಾಮರನ್ನು ನಾನು ನಮ್ಮ ವೃತ್ತಿಯ ಹಿರಿಯರೆಂದು ನಮಿಸುತ್ತೇನೆ. ಕೆರೆ ಕಟ್ಟುವುದನ್ನೇ ಅವರು ಸಾಧನೆ ಮಾಡಿಕೊಂಡರು. ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದು. ವೈದ್ಯ ಸಂಗಣ್ಣನ ಕಾಯಕ ಚಿಕಿತ್ಸೆ. ಅಂಗಳದ ಕಸಬರಿಗೆಯೂ ವೈದ್ಯನ ಔಷಧವೂ ಅನುಭವ ಮಂಟಪದ ಕಾಲದಲ್ಲಿ ಸಮನಾದ ಕಾಯಕಗಳಾಗಿದ್ದವು. ಇಂದು ನಾವು ವೈದ್ಯನಿಗೆ ಶಾಲು ಹೊದಿಸುತ್ತೇವೆ, ಟ್ಯಾಂಕ್ ನೋಡಲು ಬಂದ ಕಾರ್ಯಕರ್ತನನ್ನು ಗೇಟಿನಲ್ಲೇ ತಡೆಯುತ್ತೇವೆ. ಹಣೆಬರಹವನ್ನು ಒಪ್ಪದ ಧರ್ಮದ ಮನೆಗಳಲ್ಲಿ ಚಳಿಜ್ವರಕ್ಕೆ ತಾಯತ ಕಟ್ಟುವುದನ್ನೂ ನಾವು ನಿಲ್ಲಿಸಿಲ್ಲ.

‘ಇದೆಲ್ಲ ಸರ್ಕಾರದ ಕೆಲಸ, ಮಠಗಳಿಗೇಕೆ?’ ಎಂದು ನಮ್ಮ ಮಾಸಿಕ ಗೋಷ್ಠಿಯಲ್ಲಿ ಹಿರಿಯರೊಬ್ಬರು ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ಪರೀಕ್ಷೆ, ಔಷಧ, ನಿಗಾ ಸರ್ಕಾರದ್ದೇ ಆಗಿರಬೇಕು. ಮಠ ಅದರ ಬದಲಿಯಾಗಬಾರದು. ಆದರೆ ಒಬ್ಬನೇ ರೋಗಿ ಎರಡು ಜಿಲ್ಲೆಗಳ ನಡುವೆ ಜಾರಿಹೋಗುವಾಗ, ಎರಡೂ ತುದಿಯಲ್ಲಿ ಅವನ ನಂಬಿಕೆ ಗಳಿಸಿರುವ ಸಂಸ್ಥೆ ಕೈ ಹಿಡಿಯದಿದ್ದರೆ ಹೇಗೆ? ಇದು ಆಗದ ಮಾತೂ ಅಲ್ಲ. ಕೊಪ್ಪಳದ ಶ್ರೀ ಗವಿಮಠ ಜಾತ್ರೆಯ ಹೊತ್ತಿಗೆ ಪ್ರತಿವರ್ಷ ಜನಜಾಗೃತಿ ಜಾಥಾ ನಡೆಸುತ್ತದೆ. 2019ರಲ್ಲಿ ಪೂಜ್ಯರು ಭಕ್ತರನ್ನು ಕರೆದುಕೊಂಡು ಹಿರೇಹಳ್ಳದ ಸ್ವಚ್ಛತೆಗೆ ಇಳಿದರು. 2021ರ ಕೋವಿಡ್ ಅಲೆಯಲ್ಲಿ ಮಠವೇ ರೋಗಿಗಳ ಆರೈಕೆಗೆ ನಿಂತಿತು.

ಹಾಗಾಗಿ ಪೂಜ್ಯರ ಮತ್ತು ಓದುಗರ ಮುಂದೆ ನಾಲ್ಕು ಬಿನ್ನಹ.

ಒಂದು, ಕರಾವಳಿಗೆ ದುಡಿಯಲು ಹೋಗುವವರು ಹೆಚ್ಚಿರುವ ಊರುಗಳ ಜಾತ್ರೆಗಳಲ್ಲಿ, ದಾಸೋಹ ಮಂಟಪದ ಪಕ್ಕದಲ್ಲೇ, ಆರೋಗ್ಯ ಇಲಾಖೆಯ ರಕ್ತಪರೀಕ್ಷೆಯ ಮೇಜಿಗೆ ಜಾಗ ಕೊಡಿ. ಪ್ರಸಾದಕ್ಕೆ ಬರುವವನು ಪರೀಕ್ಷೆಗೂ ಬರುತ್ತಾನೆ.

ಎರಡು, ಆಶೀರ್ವಚನದಲ್ಲಿ ಒಂದೇ ಮಾತು ಸೇರಿಸಿ: ಜ್ವರ ಇಳಿದರೂ ವೈದ್ಯರು ಹೇಳಿದಷ್ಟು ದಿನ ಮಾತ್ರೆ ಮುಗಿಸಬೇಕು. ನಮ್ಮಂಥವರು ನೂರು ಸಲ ಹೇಳಿದ್ದಕ್ಕಿಂತ ಅಪ್ಪಗಳು ಒಮ್ಮೆ ಹೇಳಿದ್ದು ನಾಟುತ್ತದೆ.

ಮೂರು, ಮಠಗಳು, ವಿದ್ಯಾಸಂಸ್ಥೆಗಳು, ಭಕ್ತರಾದ ಗುತ್ತಿಗೆದಾರರು ಕಟ್ಟುವ ಪ್ರತಿ ಕಟ್ಟಡದ ಅಂದಾಜು ಪಟ್ಟಿಯಲ್ಲಿ ಸೊಳ್ಳೆ ನಿಯಂತ್ರಣ ಮತ್ತು ಕಾರ್ಮಿಕರ ಸೊಳ್ಳೆಪರದೆಗೆ ಒಂದು ಬಾಬ್ತು ಇರಲಿ. ಪಟ್ಟಿಯಲ್ಲಿಲ್ಲದ ಕೆಲಸ ಸ್ಥಳದಲ್ಲಿ ಆಗುವುದಿಲ್ಲ. ಇದು ಮೂವತ್ತು ವರ್ಷದ ಅನುಭವದ ಮಾತು.

ನಾಲ್ಕು, ಸರ್ಕಾರಕ್ಕೆ ಒತ್ತಾಯ. ಕಟ್ಟಡ ವೆಚ್ಚದ ಶೇ. 1ರಷ್ಟು ಸುಂಕ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಆ ಹಣದಲ್ಲಿ ಕೆಲಸದ ಸ್ಥಳದಲ್ಲೇ ಮಲೇರಿಯಾ ತಪಾಸಣೆ ನಡೆಯಲಿ. ಮಂಗಳೂರಿನಲ್ಲಿ ರೋಗ ಪತ್ತೆಯಾದವನು ಊರಿಗೆ ಹೋದರೆ ಅವನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ದಿನವೇ ಸಂದೇಶ ಹೋಗಲಿ. ದೇಶ 2030ರೊಳಗೆ ಮಲೇರಿಯಾ ನಿರ್ಮೂಲನದ ಗುರಿ ಇಟ್ಟುಕೊಂಡಿದೆ. 1950ರ ದಶಕದಲ್ಲೂ ಇಂಥದೇ ಗುರಿಯಿತ್ತು. ಇನ್ನೇನು ಗೆದ್ದೆವು ಎಂದು ಕೈಬಿಟ್ಟದ್ದರಿಂದ 1976ರಲ್ಲಿ ದೇಶದಾದ್ಯಂತ 64 ಲಕ್ಷ ಪ್ರಕರಣಗಳಾದವು. ಮಂಗಳೂರಿನಲ್ಲಿ ರೋಗ ಇಳಿದಿರುವ ಈ ಹೊತ್ತೇ ಎಚ್ಚರ ಬೇಕಾದ ಹೊತ್ತು.

ನಮ್ಮ ಗೋಷ್ಠಿಯ ಹನ್ನೊಂದು ಮಂದಿ ನಿವೃತ್ತರು ಈ ಮಳೆಗಾಲದಿಂದ ಭಾನುವಾರ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಒಂದು ಗಂಟೆ ತಂತಮ್ಮ ಬೀದಿಯ ಟ್ಯಾಂಕು, ಬಾವಿ, ಕಟ್ಟಡ ಸ್ಥಳಗಳನ್ನು ನೋಡಿ ಬರುತ್ತಿದ್ದೇವೆ. ಮೊದಲ ವಾರ ನಾನು ನನ್ನ ಮನೆಯ ತಾರಸಿ ಹತ್ತಿದೆ. ಟ್ಯಾಂಕಿನ ಮುಚ್ಚಳ ಸೀಳಿತ್ತು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಹುಳುಗಳು ನೀರಿನ ಮೇಲೆ ಮಲಗಿ ತೇಲುತ್ತಿದ್ದವು. ಅಂದೇ ನೀರು ಖಾಲಿ ಮಾಡಿ, ಟ್ಯಾಂಕ್ ತೊಳೆಸಿ, ಹೊಸ ಮುಚ್ಚಳ ಹಾಕಿಸಿದೆ. ಇದನ್ನು ಓದಿದ ತಾವೂ ಇಂದೇ ಒಮ್ಮೆ ತಮ್ಮ ತಾರಸಿ ಹತ್ತಿ ನೋಡಬೇಕೆಂದು ಬೇಡುತ್ತೇನೆ.