ಕೆರೆಯಂಚಿನ ಭೂಮಿಯೂ ಮಧ್ಯಂತರ ವ್ಯವಸ್ಥೆಯೂ

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನು ಶಿವಪೂಜೆಯ ಅಂಗವೆಂದೇ ಭಾವಿಸಿದ್ದರೆಂಬುದು ಶರಣಚರಿತ್ರೆಯನ್ನು ಬಲ್ಲವರೆಲ್ಲರಿಗೂ ವಿದಿತವಾದ ಸಂಗತಿ. ಅಲ್ಲಮಪ್ರಭುದೇವರು ಅವರನ್ನು ಸಂಧಿಸಿದ್ದು ಆ ಕೆರೆಯ ಕೆಲಸದ ನಡುವೆಯೇ ಎಂದು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಪ್ರಭುದೇವರ ಆಕ್ಷೇಪ ಕೆರೆಯನ್ನು ಕುರಿತದ್ದಲ್ಲ, ಕಟ್ಟಿಸುವವನ ಅಹಂಭಾವವನ್ನು ಕುರಿತದ್ದು. ಅದು ಅನುಭಾವದ ವಿಚಾರವಾದುದರಿಂದ ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಸೊಲ್ಲಾಪುರದಲ್ಲಿ ಸಿದ್ಧೇಶ್ವರ ದೇವಾಲಯವನ್ನು ಸುತ್ತುವರಿದು ಆ ಕೆರೆ ಇಂದಿಗೂ ಉಳಿದಿದೆ. ಕಟ್ಟಿಸಿದವರ ಹೆಸರಿನಷ್ಟೇ ಕೆರೆಯೂ ಬಾಳಿರುವುದು ಅಪರೂಪ. ನಾಡಿನ ಉಳಿದ ಸಾವಿರಾರು ಕೆರೆಗಳ ವಿಷಯದಲ್ಲಿ ಕಟ್ಟಿಸಿದವರ ಶಾಸನ ಉಳಿದು, ಕೆರೆಯ ಅಂಚು ಮಾತ್ರ ವರ್ಷದಿಂದ ವರ್ಷಕ್ಕೆ ಒಳಸರಿಯುತ್ತಿದೆ.

ಹಿಂದಿನ ಕಾಲದ ಪ್ರಶ್ನೆ ಕೆರೆಯನ್ನು ಕಟ್ಟಿಸುವವರಾರು ಎಂಬುದಾಗಿತ್ತು. ಈ ಕಾಲದ ಪ್ರಶ್ನೆ ಬೇರೆ. ಕೆರೆಗೆ ಹೊಂದಿದ ಹೊಲವನ್ನು ನಿವೇಶನಗಳನ್ನಾಗಿ ಮಾಡಲು ಒಬ್ಬನು ಗ್ರಾಮ ಪಂಚಾಯತಿಗೆ ಅರ್ಜಿ ಹಾಕಿದಾಗ, ಕೆರೆಯ ಎಲ್ಲೆಯೇ ಇನ್ನೂ ನಿಶ್ಚಯವಾಗಿಲ್ಲದಿರುವಲ್ಲಿ, ಪಂಚಾಯತಿಯು ಆ ಅರ್ಜಿಯನ್ನು ಏನು ಮಾಡಬೇಕು? ಎಲ್ಲೆ ನಿಶ್ಚಯವಾದ ಮೇಲೆ ಮಾಡಬೇಕಾದುದನ್ನು ಕಾನೂನು ಹೇಳುತ್ತದೆ. ನಿಶ್ಚಯವಾಗುವವರೆಗಿನ ನಡುಗಾಲದಲ್ಲಿ ಮಾಡಬೇಕಾದುದನ್ನು ಹಳ್ಳಿಯ ಮಟ್ಟದಲ್ಲಿ ಯಾರೂ ಸ್ಪಷ್ಟವಾಗಿ ಹೇಳುತ್ತಿಲ್ಲ. ಕೆರೆಗಳು ಕೈತಪ್ಪುವುದು ಈ ನಡುಗಾಲದಲ್ಲಿಯೇ.

ಈ ನಡುಗಾಲವು ಎಷ್ಟು ದೀರ್ಘವಾದುದೆಂಬುದನ್ನು ನೋಡಬೇಕು. ಕೇಂದ್ರ ಸರ್ಕಾರವು ಜೌಗುಭೂಮಿಗಳ ಸಂರಕ್ಷಣೆಗಾಗಿ 2010ರಲ್ಲಿ ನಿಯಮಗಳನ್ನು ರಚಿಸಿತು. ಬಳಿಕ ಅವುಗಳಿಗೆ ಬದಲಾಗಿ 2017ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳನ್ನು ಜಾರಿಗೆ ತಂದಿತು. ಪ್ರತಿ ರಾಜ್ಯದಲ್ಲಿಯೂ ಒಂದು ಪ್ರಾಧಿಕಾರವಿರಬೇಕು, ಅದು ಮೂರು ತಿಂಗಳಲ್ಲಿ ಜೌಗುಭೂಮಿಗಳ ಪಟ್ಟಿಯನ್ನೂ ಒಂದು ವರ್ಷದಲ್ಲಿ ಸಮಗ್ರ ದಾಖಲೆಯನ್ನೂ ಸಿದ್ಧಪಡಿಸಬೇಕು ಎಂಬುದು ಆ ನಿಯಮಗಳ ಆಶಯ. ಹೊಸ ನಿಯಮಗಳು ಬರುವುದಕ್ಕೂ ಮುನ್ನವೇ, 2017ರ ಫೆಬ್ರವರಿಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಒಂದು ಮಧ್ಯಂತರ ರಕ್ಷಣೆಯನ್ನು ಒದಗಿಸಿತ್ತು: ಉಪಗ್ರಹ ಚಿತ್ರಗಳ ಆಧಾರದ ಮೇಲೆ ಗುರುತಿಸಲಾದ, 2.25 ಹೆಕ್ಟೇರಿಗಿಂತ ದೊಡ್ಡವಾದ 2,01,503 ಜೌಗುಭೂಮಿಗಳನ್ನು, ಅವುಗಳ ಅಧಿಸೂಚನೆಗಾಗಿ ಕಾಯದೆ, 2010ರ ನಿಯಮಗಳ ನಾಲ್ಕನೆಯ ನಿಯಮದ ತತ್ತ್ವಗಳಂತೆ ಕಾಪಾಡಬೇಕೆಂದು ಆಜ್ಞಾಪಿಸಿತ್ತು. ಏಳು ವರ್ಷಗಳು ಕಳೆದ ಮೇಲೆ, 2024ರ ಡಿಸೆಂಬರಿನಲ್ಲಿ, ಅದೇ ನ್ಯಾಯಾಲಯವು ಸ್ಥಳಕ್ಕೆ ಹೋಗಿ ಪರಿಶೀಲಿಸಿ ಎಲ್ಲೆಗಳನ್ನು ಗುರುತಿಸಿರೆಂದು ರಾಜ್ಯಗಳಿಗೆ ಮತ್ತೊಮ್ಮೆ ಹೇಳಬೇಕಾಯಿತು. ಮೂರು ತಿಂಗಳ ಕೆಲಸವೆಂದು ಬರೆದಿಟ್ಟದ್ದು ಏಳು ವರ್ಷಗಳಿಗೂ ಮುಗಿಯದಿದ್ದಲ್ಲಿ ಅದನ್ನು ಮಧ್ಯಂತರವೆಂದು ಕರೆಯುವುದು ಭಾಷೆಗೆ ಮಾಡುವ ಅಪಚಾರವೇ ಸರಿ.

ಇದರಲ್ಲಿ ಇನ್ನೊಂದು ತೊಡಕಿದೆ. 2017ರ ನಿಯಮಗಳು ಜೌಗುಭೂಮಿಯ ಲಕ್ಷಣವನ್ನು ಹೇಳುವಾಗ, ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ಮನುಷ್ಯರು ನಿರ್ಮಿಸಿದ ಜಲಾಶ್ರಯಗಳನ್ನು ಹೊರಗಿಟ್ಟಿವೆ. ಕರ್ನಾಟಕದ ಬಯಲುಸೀಮೆಯಲ್ಲಿ ನೀರಾವರಿಗಾಗಿ ಕಟ್ಟದೆ ತಾನಾಗಿ ಹುಟ್ಟಿದ ಕೆರೆ ಎಷ್ಟು? ಲಕ್ಷಣವಾಕ್ಯದ ಒಂದು ಪದದಿಂದ ಲಕ್ಷ್ಯದ ಒಂದು ಭಾಗವು ಹೊರಗೆ ಬೀಳುವುದನ್ನು ಶಾಸ್ತ್ರಕಾರರು ಅವ್ಯಾಪ್ತಿದೋಷವೆಂದು ಕರೆದಿದ್ದಾರೆ. 2024ರಲ್ಲಿ ರಾಮ್‌ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ ಕರ್ನಾಟಕದ ಮೂರು ತಾಣಗಳಲ್ಲಿ ಅಘನಾಶಿನಿ ಅಳಿವೆಯನ್ನು ಬಿಟ್ಟರೆ ಉಳಿದೆರಡು, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ, ಮಳೆಯ ನೀರನ್ನು ಹಿಡಿದು ಹೊಲಗಳಿಗೆ ಹರಿಸಲೆಂದೇ ಕಟ್ಟಿದ ಕೆರೆಗಳು. ಹಿಮಾಲಯವನ್ನು ದಾಟಿ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಯು ಸ್ವಯಂಭುವೋ ಮಾನವನಿರ್ಮಿತವೋ ಎಂದು ವಿಚಾರಿಸುವುದಿಲ್ಲ. ರಾಮ್‌ಸಾರ್ ಪಟ್ಟಿಗೆ ಸೇರಿದುದರಿಂದ ಈ ಎರಡಕ್ಕೆ ನಿಯಮಗಳ ರಕ್ಷಣೆ ದೊರೆಯಿತು. ಪಕ್ಕದ ಊರಿನ ಕೆರೆಗೆ ಆ ಭಾಗ್ಯವಿಲ್ಲ. ಅದರ ಅಂಚನ್ನು ಕಾಯಬೇಕಾದವರು ಆ ಊರಿನ ಪಂಚಾಯತಿಯವರೇ.

ಪಂಚಾಯತಿಯಾದರೋ ತನಗೇನೂ ಅಧಿಕಾರವಿಲ್ಲವೆಂದು ಹೇಳುವುದುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಕ್ರಿ.ಶ. 1369ರಲ್ಲಿ ಬುಕ್ಕರಾಯನ ಪುತ್ರನಾದ ಭಾಸ್ಕರನು ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆಯನ್ನು ಕಟ್ಟಿಸಿ ಹಾಕಿಸಿದ ಸಂಸ್ಕೃತ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಒದಗಬಹುದಾದ ಆರು ದೋಷಗಳನ್ನೂ ಎಣಿಸಲಾಗಿದೆ. ಏರಿಯಲ್ಲಿ ನೀರು ಜಿನುಗುವುದು, ಚವುಳುಮಣ್ಣು, ನೀರು ಸ್ವಲ್ಪವಾಗಿ ನೆಲ ಬಹಳವಾಗಿರುವುದು ಮೊದಲಾದ ದೋಷಗಳೊಡನೆ ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷವೆಂದು ಹೇಳಲಾಗಿದೆ. ಮಣ್ಣುನೀರಿನ ದೋಷಗಳ ಸಾಲಿನಲ್ಲಿ ಆಡಳಿತದ ದೋಷವನ್ನು ಸೇರಿಸಿದ ಆ ಶಾಸನಕಾರನ ದೃಷ್ಟಿ ಸೂಕ್ಷ್ಮವಾದುದು. ಇಂದಿನ ಕೆರೆಗಳೆಲ್ಲವೂ ಹಾಗೆ ಗಡಿಯಲ್ಲಿಯೇ ಇವೆ. ಕೆರೆಯಂಗಳದ ನೆಲ ಕಂದಾಯ ಇಲಾಖೆಯದು. ಅಚ್ಚುಕಟ್ಟು 40 ಹೆಕ್ಟೇರಿಗೆ ಮೀರಿದ್ದರೆ ಏರಿ ತೂಬುಗಳು ಸಣ್ಣ ನೀರಾವರಿ ಇಲಾಖೆಯವು, ಅದಕ್ಕೆ ಕಡಿಮೆಯಿದ್ದರೆ ಪಂಚಾಯತ್ ರಾಜ್ ಸಂಸ್ಥೆಗಳವು. ಅಂಚಿನ ಹೊಲದ ಭೂಪರಿವರ್ತನೆ ಜಿಲ್ಲಾಧಿಕಾರಿಗಳ ಕೈಯಲ್ಲಿದೆ, ಬಡಾವಣೆಯ ನಕ್ಷೆ ಯೋಜನಾ ಪ್ರಾಧಿಕಾರದ ಕೈಯಲ್ಲಿದೆ. ಎಲ್ಲವೂ ಮುಗಿದ ಮೇಲೆ ಖಾತೆ ಮಾಡಿಕೊಡಲೆಂದು ಕಡತವು ಪಂಚಾಯತಿಗೆ ಬರುತ್ತದೆ. ಆ ಹೊತ್ತಿಗೆ ನಿವೇಶನಗಳು ಮಾರಾಟವಾಗಿರುತ್ತವೆ, ಕೊಂಡವರು ಬ್ಯಾಂಕಿನಿಂದ ಸಾಲ ಪಡೆದಿರುತ್ತಾರೆ. ಮೊದಲು ಕೇಳಬೇಕಾದವರನ್ನು ಕೊನೆಗೆ ಕೇಳುವುದೇ ಈ ವ್ಯವಸ್ಥೆಯ ಮೂಲದೋಷ.

ರಾಜಧಾನಿಯ ಅನುಭವವು ಇನ್ನೊಂದು ಪಾಠವನ್ನು ಕಲಿಸಿದೆ. ಬೆಂಗಳೂರಿನ 2015ರ ಮಹಾಯೋಜನೆಯಲ್ಲಿ ಕೆರೆಯಂಚಿನಿಂದ 30 ಮೀಟರು ಬಿಡಬೇಕೆಂದಿತ್ತು. 2016ರ ಮೇ ತಿಂಗಳಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಅದನ್ನು 75 ಮೀಟರಿಗೆ ಏರಿಸಿ, ರಾಜಕಾಲುವೆಗಳಿಗೆ ದರ್ಜೆಗನುಸಾರವಾಗಿ 50, 35 ಮತ್ತು 25 ಮೀಟರುಗಳನ್ನು ವಿಧಿಸಿತು. 2019ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಸನಬದ್ಧವಾದ ಯೋಜನೆಯನ್ನು ಹಾಗೆ ತಿದ್ದುವ ಅಧಿಕಾರ ನ್ಯಾಯಮಂಡಲಿಗಿಲ್ಲವೆಂದು ಆ ಅಂತರಗಳನ್ನು ರದ್ದುಗೊಳಿಸಿತು. 2025ರಲ್ಲಿ ರಾಜ್ಯದ ವಿಧಾನಮಂಡಲದ ಮುಂದೆ ಬಂದ ಮಸೂದೆಯು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಅಂಚಿನ ಅಗಲವನ್ನು ತಗ್ಗಿಸಲು ಹೊರಟಿತು. ಅಳತೆಯು ಮೇಲಿನಿಂದ ಬಂದು ಮೇಲಿನಿಂದಲೇ ಹೋಯಿತು. ನಡುವಿನ ಮೂರು ವರ್ಷಗಳಲ್ಲಿ ನಿಯಮವನ್ನು ಪಾಲಿಸಿದವನು ನಷ್ಟ ಅನುಭವಿಸಿದನು, ಪಾಲಿಸದೆ ಕಾದವನು ಲಾಭ ಪಡೆದನು. ಕೆರೆಗೆ ಅದರಿಂದ ಏನಾದರೂ ದೊರೆಯಿತೇ? 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳ ನಿವಾಸಿಗಳನ್ನು ದೋಣಿ ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು.

ಆದುದರಿಂದ ಮೀಟರುಗಳ ಸಂಖ್ಯೆಯನ್ನು ಕುರಿತು ಕಲಹಿಸುವುದಕ್ಕಿಂತ, ಸಂಖ್ಯೆಯು ನಿಶ್ಚಯವಾಗುವವರೆಗೆ ನಡೆಯಬೇಕಾದ ಕ್ರಮವನ್ನು ಪಂಚಾಯತಿಯು ತಾನೇ ನಿರ್ಣಯಿಸಿ ಬರೆದಿಡುವುದು ಮುಖ್ಯ. ಪಂಚಾಯತಿಯ ಎಲ್ಲೆಯೊಳಗೆ ಕಟ್ಟಡಗಳಿಗೆ ಅನುಮತಿ ಕೊಡುವ ಅಧಿಕಾರ 1993ರ ಪಂಚಾಯತ್ ರಾಜ್ ಅಧಿನಿಯಮದಿಂದ ಅದಕ್ಕೆ ದತ್ತವಾಗಿದೆ. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿ ಪಂಚಾಯತಿಯಲ್ಲಿಯೂ ಒಂದು ನಿರ್ವಹಣಾ ಸಮಿತಿಯಿರಬೇಕು. ಊರಿನ ಕೆರೆ ಕುಂಟೆಗಳು ಸಮುದಾಯದ ಸ್ವತ್ತೆಂದು 2001ರಲ್ಲಿಯೂ 2011ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದಿದೆ. ಇಷ್ಟು ಬಲವಿರುವಾಗ ಮೇಲಿನ ಸುತ್ತೋಲೆಗಾಗಿ ಕಾಯುತ್ತ ಕೂಡುವುದು ಆಲಸ್ಯಕ್ಕೆ ಕೊಟ್ಟ ಗೌರವದ ಹೆಸರು.

ಆ ಕ್ರಮವು ಎಂತಿರಬೇಕು? ಮೊದಲನೆಯದಾಗಿ ಕೆರೆಯಂಚಿನ ಅರ್ಜಿಯನ್ನು ನೀರಿಲ್ಲದ ಕಾಲದಲ್ಲಿ ನಿರ್ಣಯಿಸಕೂಡದು. ಭೂಮಾಪಕರನ್ನು ಚೈತ್ರ ವೈಶಾಖಗಳಲ್ಲಿ ಕರೆತಂದು, ಒಣಗಿ ಬಿರಿದ ಅಂಗಳದಲ್ಲಿ ಸರಪಳಿ ಎಳೆಸಿ, ನೀರೆಲ್ಲಿದೆ ಎಂದು ಕೇಳುವುದು ಬಲ್ಲವರ ಹಳೆಯ ಉಪಾಯ. ಪರಿಶೀಲನೆಯು ಆಶ್ವಯುಜ ಕಾರ್ತಿಕಗಳಲ್ಲಿ, ಕೆರೆ ತುಂಬಿರುವಾಗ ನಡೆಯಬೇಕು. ಮಳೆ ಕೈಕೊಟ್ಟ ವರ್ಷ ಕೋಡಿಯ ಮಟ್ಟವನ್ನೇ ಪ್ರಮಾಣವಾಗಿ ಹಿಡಿಯಬೇಕು. ಕೋಡಿಯ ಕಲ್ಲು ಲಂಚ ಪಡೆಯುವುದಿಲ್ಲ, ವರ್ಗವಾಗಿ ಹೋಗುವುದಿಲ್ಲ. ಆ ಕಲ್ಲಿನ ಮಟ್ಟದಿಂದ ಸುತ್ತಲೂ ಅಡ್ಡಮಟ್ಟ ಹಿಡಿದರೆ ಕೆರೆಯ ನಿಜವಾದ ಅಂಚು ತಾನಾಗಿ ತೋರುತ್ತದೆ. ಅನೇಕ ವೇಳೆ ಅದು ಪಹಣಿಯಲ್ಲಿ ಕಾಣುವ ಅಂಚಿಗಿಂತ ಮೇಲಿರುತ್ತದೆ. ಕೆರೆಗೆ ನೀರು ತರುವ ಹಳ್ಳವನ್ನು ಗ್ರಾಮನಕ್ಷೆಯಲ್ಲಿ ಖರಾಬೆಂದು ತೋರಿಸಿದ್ದರೆ ಅದನ್ನೂ ಕೆರೆಯ ಭಾಗವೆಂದೇ ಎಣಿಸಬೇಕು. ಏರಿಯನ್ನು ಕಾದು ಹಳ್ಳವನ್ನು ಮುಚ್ಚಿದರೆ ಉಳಿಯುವುದು ಏರಿ ಮಾತ್ರ.

ಎರಡನೆಯದು ದಾಖಲೆ. 2017ರ ನಿಯಮಗಳು ಹಿಂದಿನ ಹತ್ತು ವರ್ಷಗಳಲ್ಲಿ ಕಂಡ ನೆರೆಮಟ್ಟದ ಸರಾಸರಿಯಿಂದ 50 ಮೀಟರಿನೊಳಗೆ ಶಾಶ್ವತ ಕಟ್ಟಡವನ್ನು ನಿಷೇಧಿಸುತ್ತವೆ. ವಿಧಿ ಉತ್ತಮವಾದುದೇ. ಆದರೆ ಹಳ್ಳಿಯ ಕೆರೆಯ ಹತ್ತು ವರ್ಷಗಳ ನೆರೆಮಟ್ಟವನ್ನು ಬರೆದಿಟ್ಟವರಾರು? ಒಂದು ಕಾಲದಲ್ಲಿ ನೀರಗಂಟಿಯು ಅದನ್ನು ಬಾಯಿಪಾಠವಾಗಿ ಬಲ್ಲವನಾಗಿದ್ದನು. ಯಾವ ವರ್ಷ ಕೋಡಿ ಬಿದ್ದಿತು, ನೀರು ಯಾವ ಮರದ ಬುಡವನ್ನು ಮುಟ್ಟಿತು ಎಂಬುದು ಅವನ ನಾಲಗೆಯ ತುದಿಯಲ್ಲಿರುತ್ತಿತ್ತು. ಬಿತ್ತುವಟ್ಟ, ಕೆರೆಗೊಡಗೆಗಳೆಂಬ ದತ್ತಿಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಕೆರೆಯ ಆರೈಕೆಗೆಂದೇ. ಆ ದತ್ತಿಗಳು ಹೋದುವು, ಬಹಳಷ್ಟು ಊರುಗಳಲ್ಲಿ ನೀರಗಂಟಿಯೂ ಇಲ್ಲ. ನಿಯಮ ಮಾತ್ರ ಅವನ ನೆನಪನ್ನು ಅಂಕಿಗಳಲ್ಲಿ ಬೇಡುತ್ತಿದೆ. ಆ ಅಂಕಿಗಳು ಸಂಗ್ರಹವಾಗುವವರೆಗೆ ಊರಿನ ಹಿರಿಯರ ಸಾಕ್ಷ್ಯವನ್ನು ಗ್ರಾಮಸಭೆಯಲ್ಲಿ ಬರೆದುಕೊಂಡು, ಓದಿ ಹೇಳಿ, ರುಜು ಪಡೆದು ನಡವಳಿಯಲ್ಲಿ ಸೇರಿಸಬೇಕು. ನೀರು ಬರುವುದಿಲ್ಲವೆಂದು ಸಾಧಿಸುವ ಹೊಣೆ ಅರ್ಜಿದಾರನದಾಗಬೇಕು, ಬರುತ್ತದೆಂದು ಸಾಧಿಸುವ ಹೊಣೆ ಊರಿನದಾಗಬಾರದು.

ಇಷ್ಟಕ್ಕೆ ಪ್ರಬಲವಾದ ಆಕ್ಷೇಪವೊಂದಿದೆ. ಕೆರೆಯಂಚಿನಲ್ಲಿ ಹೊಲವುಳ್ಳವರೆಲ್ಲರೂ ಬಡಾವಣೆಯ ವ್ಯಾಪಾರಿಗಳಲ್ಲ. ಎರಡು ಎಕರೆಯ ಒಡೆಯನೊಬ್ಬನು ಮಗಳ ಮದುವೆಗೋ ಮಗನ ಓದಿಗೋ ಹತ್ತು ಗುಂಟೆಯನ್ನು ಮಾರಬೇಕೆಂದಿರುತ್ತಾನೆ. ಕೆರೆಯು ಊರಿಗೆಲ್ಲ ಬೇಕು. ಅದರ ಭಾರ ಅವನೊಬ್ಬನ ಹೆಗಲ ಮೇಲೇಕೆ? ಈ ಪ್ರಶ್ನೆಯನ್ನು ತಳ್ಳಿಹಾಕುವ ಪರಿಸರವಾದವು ನಗರದವರಿಗೆ ಶೋಭಿಸಬಹುದು, ಹಳ್ಳಿಯಲ್ಲಿ ನಿಲ್ಲಲಾರದು. ಮಧ್ಯಂತರ ಕ್ರಮಕ್ಕೆ ಅಂತ್ಯದ ದಿನಾಂಕವಿರಲೇಬೇಕೆಂಬುದು ಅದಕ್ಕಾಗಿಯೇ. ಅರ್ಜಿ ಬಂದ ಬಳಿಕ ಒಂದು ಮಳೆಗಾಲ ಕಳೆಯುವುದರೊಳಗಾಗಿ ಕೊಡಲಾಗುವುದೆಂದೋ ಕೊಡಲಾಗದೆಂದೋ, ಕಾರಣಸಹಿತವಾಗಿ, ಲಿಖಿತ ಉತ್ತರ ದೊರೆಯಬೇಕು. ಬೇಸಾಯ, ದನದ ಕೊಟ್ಟಿಗೆ, ಇರುವ ಮನೆಯ ದುರಸ್ತಿ ಇವುಗಳಿಗೆ ತಡೆಯಿರಬಾರದು. ಅವಧಿ ಮೀರಿದರೆ ಅನುಮತಿ ದೊರೆತಂತೆಯೇ ಎಂಬ ಪದ್ಧತಿ ಪೇಟೆಯ ನಡುವೆ ಸಲ್ಲಬಹುದು, ಕೆರೆಯಂಚಿನಲ್ಲಿ ಸಲ್ಲದು. ಅಲ್ಲಿ ಅವಧಿ ಮೀರಿದರೆ ವಿಳಂಬ ಮಾಡಿದ ಅಧಿಕಾರಿಯೇ ಗ್ರಾಮಸಭೆಯ ಮುಂದೆ ಕಾರಣ ಹೇಳಬೇಕು. ಕೊನೆಗೂ ಕಟ್ಟಲಾಗದೆಂದು ತೀರ್ಮಾನವಾದ ನೆಲಕ್ಕೆ ಸರ್ಕಾರವು ಪರಿಹಾರವನ್ನೋ ಬದಲಿ ಭೂಮಿಯನ್ನೋ ಕೊಡಬೇಕು. ಬಡವನ ಹತ್ತು ಗುಂಟೆಯನ್ನು ಕಾಗದದ ಮೇಲೆ ಕಟ್ಟಿಹಾಕಿ ಮರೆತುಬಿಡುವುದು ರಕ್ಷಣೆಯಲ್ಲ.

ಮಠದ ಆಶ್ರಯದಲ್ಲಿ ನಡೆಯುವ ಶಾಲೆಯೊಂದರ ಸಂಚಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರಿಗೆ ತೋರಬಹುದು. ಇಂತಹ ಶಾಲೆಗಳಲ್ಲಿ ಓದಿದವರು ಇಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಾಗಿ, ಭೂಮಾಪಕರಾಗಿ, ತಹಸೀಲ್ದಾರರಾಗಿ, ಇಂಜಿನಿಯರುಗಳಾಗಿ ಆ ಕಡತಗಳಿಗೆ ರುಜು ಹಾಕುವ ಸ್ಥಾನಗಳಲ್ಲಿದ್ದಾರೆ. ದಾನಿಗಳಲ್ಲಿಯೂ ಕೆರೆಯಂಚಿನ ಭೂಮಿಯ ಒಡೆಯರು ಇಲ್ಲದಿಲ್ಲ. ವಿದ್ಯಾದಾನಕ್ಕೆ ಕೈಯೆತ್ತಿ ಕೊಡುವ ಮಹನೀಯರು ತಮ್ಮ ಬಡಾವಣೆಯ ನಕ್ಷೆಯನ್ನು ಗ್ರಾಮಸಭೆಯ ಮುಂದೆ ತಾವಾಗಿಯೇ ಇಟ್ಟರೆ ಇತರರು ಬಚ್ಚಿಡುವುದು ಕಷ್ಟವಾದೀತು. ಉಪಾಧ್ಯಾಯರಿಂದ ಆಗಬಹುದಾದ ಕೆಲಸವು ಇನ್ನೂ ಸುಲಭವಾದುದು. ಕೋಡಿಯ ಬಳಿ ಅಡಿ ಅಂಗುಲಗಳನ್ನು ಕೊರೆದ ಒಂದು ಕಲ್ಲುಕಂಬವನ್ನು ನೆಡಿಸಿ, ಮೃಗಶಿರಾ ಮಳೆಯಿಂದ ಮೊದಲ್ಗೊಂಡು ವಾರಕ್ಕೊಮ್ಮೆ ಪ್ರೌಢಶಾಲೆಯ ಮಕ್ಕಳಿಂದ ನೀರಿನ ಮಟ್ಟವನ್ನು ಓದಿಸಿ, ದಿನಾಂಕದೊಡನೆ ಪುಸ್ತಕದಲ್ಲಿ ಬರೆಯಿಸಿ, ವರ್ಷಕ್ಕೊಮ್ಮೆ ಅದರ ಪ್ರತಿಯನ್ನು ಪಂಚಾಯತಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಹತ್ತು ವರ್ಷಗಳ ನೆರೆಮಟ್ಟವನ್ನು ಬೇಡುವ ನಿಯಮಕ್ಕೆ ಹತ್ತು ಮಳೆಗಾಲಗಳ ಬಳಿಕ ಉತ್ತರವಾಗಬಲ್ಲ ಆ ಪುಸ್ತಕಕ್ಕೆ ತಗಲುವ ವೆಚ್ಚ ಒಂದು ಕಲ್ಲಿನ ಬೆಲೆ ಮತ್ತು ಅದನ್ನು ಕೊರೆಯುವವನ ಎರಡು ದಿನದ ಕೂಲಿ.