ಮೊಳಕಾಲ್ಮುರಿಗೆ ಒಂದು ಬೈಟು ಕಮ್ಮಿ!

ಕನ್ನಡದ ಯುವಕ ಯುವತಿಯರೇ,

ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ಬಂತು. ಅದಕ್ಕಾಗಿ ಬೀದಿಗಿಳಿದವರು ನೀವು. ಸಂತೋಷ. ಈಗ ಅದೇ ಅಂಗಡಿ ಮುಂದೆ ನಿಂತು ಮೊಬೈಲಿನಲ್ಲಿ ವೈಫೈ ಪಟ್ಟಿ ತೆಗೆಯಿರಿ. ಅದೂ ಒಂದು ಬೋರ್ಡೇ, ಗಾಳಿಯಲ್ಲಿ ತೂಗುವ ಬೋರ್ಡು. ಅದರಲ್ಲಿ ಕನ್ನಡ ಎಷ್ಟಿದೆ? ಚಳ್ಳಕೆರೆಯ ಎಣ್ಣೆ ಮಿಲ್ಲಿರಲಿ, ಮೊಳಕಾಲ್ಮುರಿನ ಸೀರೆ ಅಂಗಡಿಯಿರಲಿ, ಹುಡುಕಿದರೂ ಒಂದಕ್ಷರ ಸಿಗುವುದು ಕಷ್ಟ!

ವೈಫೈ ಹೆಸರು ಕನ್ನಡದಲ್ಲಿ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರುತ್ತದೆ. ಆದರೆ ಒಂದು ತೊಡಕಿದೆ. 1997ರಲ್ಲಿ ಈ ವೈಫೈಗೆ ನಿಯಮ ಬರೆದ ಎಂಜಿನಿಯರುಗಳು ಹೆಸರಿಗೆ 32 ಬೈಟು ಸಾಕು ಎಂದರು. ಯೂನಿಕೋಡಿನ ಯುಟಿಎಫ್-8 ಲೆಕ್ಕದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು. ಕನ್ನಡಕ್ಕೆ ಮೂರು! ಅದೂ ಕ, ಗ ಮಾತ್ರವಲ್ಲ. ಇಳಿ, ಗುಡಿಸು, ಒತ್ತಿನ ಅರ್ಧಾಕ್ಷರದ ಗುರುತು, ಎಲ್ಲವೂ ಬೇರೆ ಬೇರೆ ಎಣಿಕೆ. ಎಣಿಸಿ ನೋಡಿ. 'ಚಳ್ಳಕೆರೆ'ಗೆ ಎಂಟು ಗುರುತು, 24 ಬೈಟು. ಹಿಡಿಯಿತು. 'ಮೊಳಕಾಲ್ಮುರು'ವಿಗೆ ಹನ್ನೊಂದು ಗುರುತು, 33 ಬೈಟು. ಒಂದೇ ಒಂದು ಬೈಟು ಹೆಚ್ಚು, ಹೆಸರು ಹೊರಗೆ! ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದೇ ಬೈಟಿನಲ್ಲಿ ಮುಗಿಯುತ್ತದೆ.

ನಾನು ಪ್ರೆಸ್ಸಿನವನು. ಮೊಳೆ ಜೋಡಿಸುವ ಕಾಲದಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಮನೆಗಳ ಕೇಸು ಬೇಕಾಗುತ್ತಿತ್ತು. ಅದಕ್ಕೆಂದು ಊರ ಹೆಸರನ್ನು ಯಾರೂ ಮೊಟಕು ಮಾಡಲಿಲ್ಲ. ಕೇಸು ದೊಡ್ಡದು ಮಾಡಿಕೊಂಡರು!

ಹೆಸರಿನದು ಮಾನದ ಪ್ರಶ್ನೆ. ಇನ್ನೊಂದು ಗಂಟಿನ ಪ್ರಶ್ನೆ. ಪೆಟ್ಟಿಗೆ ಕೂರಿಸುವ ಹುಡುಗ 192.168.1.1 ಎಂದು ಹೊಡೆದು ಇಂಗ್ಲಿಷ್ ಪುಟ ತೆರೆಯುತ್ತಾನೆ, ಏನೋ ಒತ್ತುತ್ತಾನೆ, ದುಡ್ಡು ತಗೊಂಡು ಹೋಗುತ್ತಾನೆ. ಮಾಲೀಕರಿಗೆ ಓದಲು ಬಾರದು. ಪೆಟ್ಟಿಗೆಯ ಒಳಬೀಗ ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡಿನಲ್ಲೇ ಉಳಿಯುತ್ತದೆ. ಗಿರಾಕಿಗೂ ಅದೇ ವೈಫೈ, ಬಿಲ್ಲಿಂಗ್ ಕಂಪ್ಯೂಟರಿಗೂ ಅದೇ. ತನ್ನ ಅಂಗಡಿಯ ಬೀಗ ತನಗೇ ಅರ್ಥವಾಗದ ಭಾಷೆಯಲ್ಲಿದ್ದರೆ ಅದು ಯಾರ ಬೀಗ, ನೀವೇ ಹೇಳಿ!

2023ರ ಏಪ್ರಿಲ್ 2ರಂದು ಚಳ್ಳಕೆರೆ ಬಯಲಿನಲ್ಲಿ ಇಸ್ರೋದ ರೆಕ್ಕೆಯ ವಾಹನ ಪೈಲಟ್ಟೇ ಇಲ್ಲದೆ ತಾನಾಗಿ ಇಳಿಯಿತು. ಅಷ್ಟು ಬಲ್ಲ ದೇಶಕ್ಕೆ ಅಂಗಡಿ ಪೆಟ್ಟಿಗೆಯಲ್ಲಿ ಒಂದು ಕನ್ನಡ ಪುಟ ತೋರಿಸಲು ಆಗದೇ?

ಆಗಲಿ, ಕಾಯುತ್ತ ಕೂರಬೇಡಿ. ಹಬ್ಬಕ್ಕೆ ಊರಿಗೆ ಹೋದಾಗ ಪರಿಚಯದ ಅಂಗಡಿಗೆ ಅರ್ಧ ಗಂಟೆ ಕೊಡಿ. ವೈಫೈಗೆ ಕನ್ನಡದ ಹೆಸರಿಡಿ. ಹತ್ತು ಗುರುತಿನೊಳಗೆ ಇರಲಿ. 'ಸೀರೆ ಅಂಗಡಿ' 28 ಬೈಟು, ಧಾರಾಳವಾಗಿ ಹಿಡಿಯುತ್ತದೆ. ಹಳೆಯ ಯಂತ್ರದಲ್ಲಿ ಅಕ್ಷರ ಕೆಟ್ಟು ಕಂಡರೆ ಹೆದರಬೇಡಿ. ಒಳಬೀಗದ ಪಾಸ್‌ವರ್ಡು ಮೊದಲು ಬದಲಿಸಿ. ಭದ್ರತೆ ಡಬ್ಲ್ಯೂಪಿಎ2 ಅಥವಾ 3 ಇರಲಿ. ವೈಫೈ ಪಾಸ್‌ವರ್ಡಿಗೆ ಎಂಟರಿಂದ 63 ಅಕ್ಷರ, ಅದೂ ಇಂಗ್ಲಿಷ್ ಕೀಲಿಯವು ಮಾತ್ರ; ಅಲ್ಲಿಯೂ ಕನ್ನಡಕ್ಕೆ ಜಾಗವಿಲ್ಲ! ಇಂಗ್ಲಿಷ್ ಅಕ್ಷರದಲ್ಲೇ ಉದ್ದದ ಕನ್ನಡ ಮಾತು ಹೊಡೆಯಿರಿ. ಗಿರಾಕಿಗೆ ಬೇರೆ ಗೆಸ್ಟ್ ವೈಫೈ ಮಾಡಿಕೊಡಿ. ಮಾಡಿದ್ದೆಲ್ಲವನ್ನೂ ಕನ್ನಡದಲ್ಲಿ ಒಂದು ಹಾಳೆಗೆ ಬರೆದು ಮಾಲೀಕರ ಕೈಗೆ ಕೊಡಿ. ಆಮೇಲೆ ಪೆಟ್ಟಿಗೆ ಮಾಡುವ ಕಂಪನಿಗೆ ಕಾಗದ ಹಾಕಿ: ಕನ್ನಡ ಪುಟ ಎಲ್ಲಿ?

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿದ್ದೀರಾ? ಅಲ್ಲಿ ಅಶೋಕನ ಆಜ್ಞೆ ಬ್ರಾಹ್ಮಿಯಲ್ಲಿದೆ. ಅದನ್ನು ಬರೆದ ಚಪಡ ಕೊನೆಯಲ್ಲಿ 'ಲಿಪಿಕಾರ' ಎಂಬ ಮಾತೊಂದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಬಂಡೆಯ ಮೇಲೆ ಒಬ್ಬ ಬರಹಗಾರ ತನಗೆ ಬೇಕಾದ ಲಿಪಿ ತಂದ. ನಮ್ಮದೇ ದುಡ್ಡಿನ ಪೆಟ್ಟಿಗೆಯ ಮೇಲೆ ನಮ್ಮ ಲಿಪಿ ತರಲು ನಮಗೇನು ಧಾಡಿ?