ಶಾಲಾ ಸಮಿತಿ: ಸಹಿಗೆ ಮೊದಲು ಸಮಾಲೋಚನೆ ನಡೆಯಲಿ

ನಮ್ಮ ಸರಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಸಭೆಗಳು ಹೇಗೆ ನಡೆಯುತ್ತವೆಂಬುದು ಹೆತ್ತವರಿಗೆ ತಿಳಿಯದ ಸಂಗತಿಯೇನಲ್ಲ. ಅನೇಕ ಕಡೆ ಸಭೆ ಕರೆಯುವುದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಹೊಲಕ್ಕೆ, ಕೂಲಿಗೆ ಹೋದವರು ಆ ಹೊತ್ತಿಗೆ ಬರಲಾರರು. ಬಂದ ನಾಲ್ಕು ಮಂದಿಯ ಮುಂದೆ ಮೊದಲೇ ಬರೆದಿಟ್ಟ ಠರಾವನ್ನು ಓದಲಾಗುತ್ತದೆ. ಅಧ್ಯಕ್ಷರು ತಲೆಯಾಡಿಸುತ್ತಾರೆ. ಉಳಿದವರ ಸಹಿ, ಹೆಬ್ಬೆಟ್ಟುಗಳಿಗಾಗಿ ನಡಾವಳಿ ಪುಸ್ತಕವೇ ಮರುದಿನ ಮನೆಮನೆಗೆ ಹೋಗುತ್ತದೆ. ಕೊನೆಗೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂಬ ವಾಕ್ಯ ಉಳಿಯುತ್ತದೆ. ಮತವನ್ನೇ ಕೇಳದಿರುವಾಗ ಸರ್ವಾನುಮತ ಬಂದದ್ದೆಲ್ಲಿಂದ?

ಈ ಸಮಿತಿಗಳನ್ನು ರಚಿಸಿದ ಉದ್ದೇಶ ಇದಾಗಿರಲಿಲ್ಲ. ಡಾ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರ ಎಪ್ರಿಲ್ 28ರಂದು ರಾಜ್ಯ ಸರಕಾರ ಆದೇಶ ಹೊರಡಿಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಅಸ್ತಿತ್ವಕ್ಕೆ ತಂದಿತು. ಶಾಲೆ ಇಲಾಖೆಯದ್ದಲ್ಲ, ಮಕ್ಕಳನ್ನು ಕಳುಹಿಸುವವರದ್ದು ಎಂಬುದು ಅದರ ಆಶಯ. 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಈ ಆಶಯಕ್ಕೆ ಇನ್ನಷ್ಟು ಬಲ ನೀಡಿತು. ಸಮಿತಿಯ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ದುರ್ಬಲ ವರ್ಗಗಳ ಹೆತ್ತವರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಈ ಸಮಿತಿಯ ಹೊಣೆ. ಕಾನೂನು ಕುರ್ಚಿ ಕೊಟ್ಟಿದೆ ನಿಜ. ಆದರೆ ಕುರ್ಚಿಯಲ್ಲಿ ಕುಳಿತವರಿಗೆ ಮಾತು ಕೊಡುವುದು ಕಾನೂನಿನಿಂದಾಗುವ ಕೆಲಸವಲ್ಲ.

ಈ ಮಾತಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಂತಹ ಕಡೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ, ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ಈ ನಾಲ್ಕೂ ಇದ್ದವು. ಮಳೆ ಕೈಕೊಟ್ಟರೆ ಇಲ್ಲಿಯ ಜನ ಗುಳೆ ಹೋಗುತ್ತಾರೆ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ, ಗೋವಾದಲ್ಲಿ, ನಮ್ಮ ಕರಾವಳಿಯ ಕಟ್ಟಡ ಕಾಮಗಾರಿಗಳಲ್ಲಿ ವಿಜಯಪುರ ಜಿಲ್ಲೆಯ ಕುಟುಂಬಗಳನ್ನು ನಾವು ಕಾಣುತ್ತೇವೆ. ಅವರ ಮಕ್ಕಳೂ ಅದೇ ಜಲ್ಲಿ ರಾಶಿಯ ಪಕ್ಕ ಆಡುತ್ತಿರುತ್ತಾರೆ. ಆ ಮಕ್ಕಳ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಇದ್ದೇ ಇರುತ್ತದೆ.

ಗುಳೆ ಹೋಗುವಾಗ ಮಗುವನ್ನು ಯಾರ ಬಳಿ ಬಿಡುವುದು? ಊರಲ್ಲೇ ಋತುಮಾನದ ವಸತಿ ವ್ಯವಸ್ಥೆ ಮಾಡಿದರೆ ಹೆಣ್ಣುಮಕ್ಕಳನ್ನು ಬಿಟ್ಟುಹೋಗಲು ತಾಯಂದಿರು ಒಪ್ಪುವರೇ? ಏಳನೆಯ ತರಗತಿ ಮುಗಿಸಿದ ಹುಡುಗಿ ಪಕ್ಕದೂರಿನ ಪ್ರೌಢಶಾಲೆಗೆ ಹೋಗುವುದು ಹೇಗೆ? ಇವಕ್ಕೆ ಬೆಂಗಳೂರಿನ ಸುತ್ತೋಲೆಯಲ್ಲಿ ಉತ್ತರವಿಲ್ಲ. ಉತ್ತರ ಬಲ್ಲವಳು ಸಭೆಯ ಮೂಲೆಯಲ್ಲಿ ಸೆರಗು ಎಳೆದುಕೊಂಡು ಮೌನವಾಗಿ ಕುಳಿತಿದ್ದಾಳೆ. ಅವಳನ್ನು ಯಾರೂ ಕೇಳಿಲ್ಲ.

ಕೇಳುವುದಕ್ಕೂ ಒಂದು ಕ್ರಮವಿದೆ. ಸಭೆ ಸಂಜೆ, ದುಡಿಮೆ ಮುಗಿದ ಮೇಲೆ ನಡೆಯಲಿ. ಚರ್ಚಿಸಬೇಕಾದ ಪ್ರಶ್ನೆ ಎರಡು ದಿನ ಮೊದಲೇ ಮನೆಗಳಿಗೆ ತಲುಪಲಿ. ಸಭೆ ನಡೆಸಿಕೊಡುವವರು ಮುಖ್ಯೋಪಾಧ್ಯಾಯರೂ ಅಲ್ಲದ, ಅಧ್ಯಕ್ಷರೂ ಅಲ್ಲದ ಮೂರನೆಯ ವ್ಯಕ್ತಿಯಾಗಿರಲಿ; ತಮ್ಮ ಅಭಿಪ್ರಾಯ ಹೇಳುವುದು ಅವರ ಕೆಲಸವಲ್ಲ, ಇತರರಿಂದ ಹೇಳಿಸುವುದು ಅವರ ಕೆಲಸ. ಮೊದಲು ಐದಾರು ಮಂದಿಯ ಸಣ್ಣ ಗುಂಪುಗಳಲ್ಲಿ, ಮಹಿಳೆಯರು ಪ್ರತ್ಯೇಕವಾಗಿ, ತಮ್ಮ ಮನೆಮಾತಿನಲ್ಲೇ ಮಾತಾಡಲಿ. ಉರ್ದು, ಲಂಬಾಣಿ, ಮರಾಠಿ ಯಾವುದಾದರೂ ಸರಿ. ಊರಿನ ದೊಡ್ಡವರ ಸರದಿ ಕೊನೆಗೆ ಬರಲಿ. ಅವರು ಮೊದಲು ಮಾತಾಡಿದರೆ ಉಳಿದವರ ಬಾಯಿ ಕಟ್ಟಿಹೋಗುತ್ತದೆ. ಒಪ್ಪದವರ ಮಾತೂ ನಡಾವಳಿಯಲ್ಲಿ ದಾಖಲಾಗಲಿ. ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ ಮೇಲೆಯೇ ಸಹಿಯಾಗಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಬೇಕಾದುದು ಕೇಳುವ ಕಿವಿ ಮತ್ತು ಅಧಿಕಾರವನ್ನು ಸ್ವಲ್ಪ ಬಿಟ್ಟುಕೊಡುವ ಮನಸ್ಸು.

ಇಷ್ಟು ಹೇಳಿ ಸರಕಾರಿ ಶಾಲೆಯ ಕಡೆಗಷ್ಟೇ ಬೆರಳು ತೋರಿಸಿದರೆ ನಾವು ಪ್ರಾಮಾಣಿಕರಾಗುವುದಿಲ್ಲ. 2012ರ ತಿದ್ದುಪಡಿಯು ಅಲ್ಪಸಂಖ್ಯಾತರು ನಡೆಸುವ ಅನುದಾನಿತ ಶಾಲೆಗಳಲ್ಲಿ ಈ ಸಮಿತಿಗೆ ಸಲಹೆ ನೀಡುವ ಅಧಿಕಾರ ಮಾತ್ರ ಕೊಟ್ಟಿತ್ತು. ಅನುದಾನರಹಿತ ಶಾಲೆಗಳಿಗಂತೂ ಸಮಿತಿಯ ಕಡ್ಡಾಯವೇ ಇಲ್ಲ. ಸಂಸ್ಥೆ ಕಟ್ಟುವ ಹಕ್ಕನ್ನು ರಕ್ಷಿಸಲೆಂದು ಸಿಕ್ಕ ಈ ವಿನಾಯಿತಿ, ಹೆತ್ತವರ ಬಾಯಿ ಮುಚ್ಚಿಸುವ ಪರವಾನಿಗೆಯಲ್ಲ. ಪರಸ್ಪರ ಸಮಾಲೋಚನೆಯನ್ನು ಸತ್ಯವಿಶ್ವಾಸಿಗಳ ಲಕ್ಷಣವೆಂದು ಸಾರುವ ಕುರ್‌ಆನಿನ 42ನೇ ಅಧ್ಯಾಯಕ್ಕೆ ಶೂರಾ ಎಂದೇ ಹೆಸರು. ಹಾಗಿದ್ದೂ ನಮ್ಮ ಎಷ್ಟು ಆಡಳಿತ ಮಂಡಳಿಗಳು ಶುಲ್ಕ ಏರಿಸುವ ಮೊದಲು, ಶಿಕ್ಷಕಿಯನ್ನು ತೆಗೆಯುವ ಮೊದಲು ಒಬ್ಬ ತಾಯಿಯನ್ನಾದರೂ ಕೇಳಿವೆ?

ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ದುಡಿಯುವ ಜನ ಸಮಾನರಾಗಿ ಕುಳಿತು ಮಾತಾಡಿದ ನೆನಪು ಆ ನೆಲಕ್ಕಿದೆ. ಆ ನೆನಪು ಜಯಂತಿಯ ಭಾಷಣಗಳಿಂದ ಇಳಿದು ಶಾಲೆಯ ಜಗಲಿಗೆ ಬರಲಿ. ಮುಂದಿನ ಸಭೆಯಲ್ಲಿ ಪುಸ್ತಕ ಮುಂದಿಟ್ಟು ಸಹಿ ಕೇಳಿದಾಗ, ‘ಇದರಲ್ಲಿ ಏನು ಬರೆದಿದೆ, ಮೊದಲು ಓದಿ ಹೇಳಿ’ ಎಂದು ಒಬ್ಬ ತಾಯಿ ಕೇಳಿದರೆ ಸಾಕು. ಆ ದಿನ ಅಲ್ಲಿ ನಡೆಯುವುದು ನಿಜವಾದ ಮೊದಲ ಸಭೆ.